ಹೊಸಿಲ ಈಚೆ ನಿಂತು ಮಾಡಿದ ರಿಪೇರಿ

ಆ ಫ್ರಿಜ್ಜಿನ ಬಾಗಿಲು ತೆರೆದರೆ ಬಾಗಿಲ ಬೆನ್ನು ನನ್ನ ಕಡೆಗೆ ಬರುತ್ತಿತ್ತು. ಒಳಗೇನಿದೆ ಎಂಬುದು ನನಗೆ ಕಾಣುತ್ತಿರಲಿಲ್ಲ. ನಾನು ನಿಂತಿದ್ದು ನಡುಮನೆಯಲ್ಲಿ, ಹೊಸಿಲಿನ ಈಚೆ. ಫ್ರಿಜ್ ಇದ್ದದ್ದು ಅಡುಗೆಮನೆಯಲ್ಲಿ, ಹೊಸಿಲಿನ ಆಚೆ, ಎರಡು ಹೆಜ್ಜೆ ಇಟ್ಟರೆ ಸಿಗುವಷ್ಟು ಹತ್ತಿರ. ಆ ಎರಡು ಹೆಜ್ಜೆ ಇಡುವ ಹಾಗಿರಲಿಲ್ಲ. ಬೇಲೂರಿನ ಆ ಮನೆ ಮಡಿವಂತರದು, ನಾನು ಅವರ ಜಾತಿಯವನಲ್ಲ. ಅಡುಗೆಮನೆಯ ಪಕ್ಕದಲ್ಲೇ ದೇವರ ಮನೆ ಬೇರೆ.

"ನೀನು ಅಲ್ಲೇ ನಿಂತು ಬಾಯಲ್ಲಿ ಹೇಳಪ್ಪಾ. ನಮ್ಮ ಸೊಸೆ ಮಾಡ್ತಾಳೆ, ಓದಿದೋಳು," ಅಂದರು ಮನೆಯ ಯಜಮಾನಿ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಅರಸೀಕೆರೆಯ ಒಂದು ಎಲೆಕ್ಟ್ರಿಕ್ ಅಂಗಡಿಯಲ್ಲಿ ನಾನು ಮೆಕ್ಯಾನಿಕ್ಕು. ಅಲ್ಲಿಂದ ಬೇಲೂರಿನವರೆಗೆ ಫ್ರಿಜ್ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಅದನ್ನು ಬಿಚ್ಚಿ ಕಟ್ಟಬಲ್ಲವನು ಈ ಸೀಮೆಯಲ್ಲಿ ನಾನೊಬ್ಬನೇ ಎಂಬ ಜಂಬ ನನಗೆ ನೆತ್ತಿಯವರೆಗೂ ಇತ್ತು. ಹೊಸಿಲ ಈಚೆ ನಿಲ್ಲಿಸಿದ್ದಕ್ಕೆ ಸಿಟ್ಟು ಬರಲಿಲ್ಲವೇ ಎಂದರೆ, ಬಂತು. ಆದರೆ ಆ ಕಾಲಕ್ಕೆ ಅದು ಎಲ್ಲ ಕಡೆಯೂ ಇದ್ದದ್ದೇ. ಒಳಗಿರುವುದನ್ನು ನೋಡದೆಯೇ ರಿಪೇರಿ ಮಾಡಬಲ್ಲೆ ಎಂಬ ಹಮ್ಮು ಆ ಸಿಟ್ಟನ್ನು ನುಂಗಿಹಾಕಿತು.

ಫ್ರಿಜ್ ಹೊಸದಲ್ಲ. ಒಬ್ಬ ಇಂಗ್ಲಿಷ್ ದೊರೆ ಕಾಫಿ ತೋಟ ಮಾರಿ ದೇಶ ಬಿಟ್ಟು ಹೋಗುವಾಗ ಹರಾಜಿಗೆ ಹಾಕಿದ್ದು. ಸೊಸೆಯ ತಂದೆ ಗಂಡಸಿ ಎಂಬ ಊರಿನಲ್ಲಿ ಶಾಲೆ ಮೇಷ್ಟ್ರು. ಬೀಗರಿಗೆ, ಅಂದರೆ ಈ ಮನೆಯ ಯಜಮಾನರಿಗೆ, ಸಕ್ಕರೆ ಕಾಯಿಲೆ, ಅವರ ಇನ್ಸುಲಿನ್ ಸೀಸೆ ತಣ್ಣಗಿಡಲು ಫ್ರಿಜ್ ಬೇಕು ಅಂತ ಮದುವೆ ಮಾತುಕತೆಯಲ್ಲೇ ಕೇಳಿದ್ದರಂತೆ. ಮೇಷ್ಟ್ರು ಎಲ್ಲೆಲ್ಲೋ ಓಡಾಡಿ ಇದನ್ನು ಹಿಡಿದು ತಂದಿದ್ದರು. ದೊರೆ ಅದರಲ್ಲಿ ಏನೇನು ಇಟ್ಟಿದ್ದನೋ ಎಂಬ ಅಸಹ್ಯಕ್ಕೆ ಯಜಮಾನಿ ಒಳಗೂ ಹೊರಗೂ ಗಂಜಲ ಸುರಿದು, ಆಮೇಲೆ ಕೊಡಗಟ್ಟಲೆ ನೀರು ಹೊಯ್ದು ಮಡಿ ಮಾಡಿಸಿದ್ದರು. ಅಷ್ಟಕ್ಕೇ ನಿಲ್ಲಲಿಲ್ಲ. ಪ್ರತಿ ಏಕಾದಶಿಗೂ ಅದಕ್ಕೆ ಸ್ನಾನ. ಮದುವೆಯಾಗಿ ವರ್ಷ ತುಂಬುವ ಮೊದಲೇ ಅದು ಉಸಿರು ನಿಲ್ಲಿಸಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಮಗ ಅಂಗಡಿಗೆ ಕಾಗದ ಬರೆದಿದ್ದ. ಲಕ್ಷಣ ಓದಿದಾಗಲೇ ಥರ್ಮೋಸ್ಟಾಟ್ ಹೋಗಿರಬೇಕು ಅನ್ನಿಸಿ ಹೊಸದೊಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ್ದೆ. ಥರ್ಮೋಸ್ಟಾಟ್ ಅಂದರೆ, ಒಳಗೆ ಸಾಕಷ್ಟು ತಣ್ಣಗಾದ ಕೂಡಲೇ ಮೋಟಾರು ನಿಲ್ಲಿಸಿ, ಬಿಸಿಯೇರಿದರೆ ಮತ್ತೆ ಓಡಿಸುವ ಸಣ್ಣ ಡಬ್ಬಿ. ಅದರಿಂದ ಒಂದು ತೆಳು ತಾಮ್ರದ ನಳಿಗೆ ಹೊರಡುತ್ತದೆ. ನಾವು ಅದನ್ನು ಬಾಲ ಅನ್ನುತ್ತಿದ್ದೆವು. ಬಾಲದ ತುದಿ ಫ್ರಿಜ್ಜಿನೊಳಗೆ ಮೇಲ್ಭಾಗದಲ್ಲಿರುವ ಐಸ್ ಪೆಟ್ಟಿಗೆಯ ಮೈಗೆ ಅಂಟಿಕೊಂಡಿರಬೇಕು. ಚಳಿ ಎಷ್ಟಿದೆ ಎಂಬುದನ್ನು ಡಬ್ಬಿ ಆ ತುದಿಯಿಂದಲೇ ತಿಳಿಯುವುದು.

ನಾನು ಹೇಳಿದಂತೆ ಸೊಸೆ ಪ್ಲಗ್ ಕಿತ್ತಳು, ಚಳಿ ಹೆಚ್ಚುಕಡಿಮೆ ಮಾಡುವ ಗುಂಡಿ ಬಿಚ್ಚಿದಳು, ಡಬ್ಬಿಯನ್ನು ಬಿಟ್ಟು ಅದರ ಎರಡು ವೈರುಗಳನ್ನೇ ನೇರವಾಗಿ ಸೇರಿಸಿ ತಿರುಚಿದಳು. ಮತ್ತೆ ಪ್ಲಗ್ ಹಾಕಿದಾಗ ಮೋಟಾರು ಗುರ್ ಎಂದು ಓಡಿತು. ಅಲ್ಲಿಗೆ ನನ್ನ ಊಹೆ ಸರಿ. ಒಳಗಿಂದ ಹಳೆಯ ಡಬ್ಬಿ ಹೊರಗೆ ಬಂತು, ತುಕ್ಕು ಹಿಡಿದು ಹಸಿರಾಗಿತ್ತು. ಹೊಸದನ್ನು ಹೊಸಿಲ ಮೇಲೆ ಇಟ್ಟು ಹಿಂದೆ ಸರಿದೆ. ಆಕೆ ಎತ್ತಿಕೊಂಡಳು. ಕೈ ಚುರುಕು, ಒಂದು ಮಾತನ್ನು ಎರಡು ಸಲ ಹೇಳಿಸಿಕೊಳ್ಳುತ್ತಿರಲಿಲ್ಲ. ಇಪ್ಪತ್ತು ವರ್ಷ ಇರಬಹುದು. ನಮ್ಮ ಅಂಗಡಿಯಲ್ಲಿ ಕೆಲಸಕ್ಕಿದ್ದವರಿಗೆ ಅಂಥ ಕೈ ಇರಲಿಲ್ಲ.

"ಬಾಲದ ತುದಿ ಎಲ್ಲಿಡಲಿ?" ಬಾಗಿಲ ಹಿಂದಿನಿಂದ ಕೇಳಿದಳು.

"ಐಸ್ ಪೆಟ್ಟಿಗೆ ಪಕ್ಕದ ಮೈಗೆ ತಾಗಿಸಿ ಇಡಿ ತಾಯಿ."

"ಇಟ್ಟೆ. ಇಲ್ಲಿ ಒಂದು ತಗಡಿನ ಪಟ್ಟಿ, ಎರಡು ಸ್ಕ್ರೂ ಉಳಿದಿದೆ."

ನಾಲ್ಕು ಗಂಟೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಹಳೆಯ ಡಬ್ಬಿಯನ್ನು ಹಿಡಿದುಕೊಂಡಿದ್ದ ಪಟ್ಟಿ ಇರಬೇಕು ಅಂದುಕೊಂಡೆ. ತೋರಿಸಿ ಅಂತ ಒಂದು ಮಾತು ಕೇಳಿದ್ದರೆ ಆಕೆ ತಂದು ಹೊಸಿಲ ಮೇಲೆ ಇಡುತ್ತಿದ್ದಳು. ಕೇಳಲಿಲ್ಲ.

"ಅದು ಹಳೇದರದ್ದು, ಬಿಸಾಕಿ," ಅಂದೆ.

ಮೋಟಾರು ಓಡಿತು, ಪೆಟ್ಟಿಗೆ ತಣ್ಣಗಾಯಿತು, ಯಜಮಾನಿ ಎರಡು ತೆಂಗಿನಕಾಯಿ ಕೊಟ್ಟು ಕಳಿಸಿದರು. ಹಳೇಬೀಡು ದಾಟುವಷ್ಟರಲ್ಲಿ ನನಗೆ ಸೊಗಸಾದ ನಿದ್ದೆ ಹತ್ತಿತ್ತು.

ಮೂರು ವಾರಕ್ಕೆ ಮತ್ತೆ ಕಾಗದ ಬಂತು. ಒಳಗೆಲ್ಲ ಐಸು ಕಟ್ಟುತ್ತಿದೆ, ಹಾಲು ಕಲ್ಲಾಗುತ್ತಿದೆ, ಇನ್ಸುಲಿನ್ ಸೀಸೆ ಒಡೆದಿದೆ, ಕೂಡಲೇ ಬರುವುದು. ಈ ಸಲ ನಡುಮನೆಯಲ್ಲಿ ಯಜಮಾನರೂ ಇದ್ದರು. ಒರಗು ಕುರ್ಚಿಯಲ್ಲಿ ಕೂತು ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ಹೆಬ್ಬೆರಳಿಗೆ ಬ್ಯಾಂಡೇಜು. ಇನ್ಸುಲಿನ್ ತಣ್ಣಗಿರಬೇಕು, ಆದರೆ ಹೆಪ್ಪುಗಟ್ಟಬಾರದು. ಹೆಪ್ಪುಗಟ್ಟಿ ಕರಗಿದ ಔಷಧಿಯನ್ನೇ ಕಾಂಪೌಂಡರ್ ಬಂದು ದಿನಾ ಚುಚ್ಚಿ ಹೋಗಿದ್ದನಂತೆ. ಅದರಲ್ಲಿ ಸತ್ವವೇ ಇರಲಿಲ್ಲ. ಬೆರಳ ಗಾಯ ಕಪ್ಪಾಗಲು ಶುರುವಾದ ಮೇಲೆ ಹಾಸನದ ಡಾಕ್ಟರು ಸೀಸೆ ನೋಡಿ ಬೈದಿದ್ದರು.

ಯಜಮಾನಿ ನನ್ನೊಂದಿಗೆ ಮಾತಾಡುತ್ತಿದ್ದರೂ ಕಣ್ಣು ಅಡುಗೆಮನೆಯ ಕಡೆಗಿತ್ತು. "ಇನ್ನೊಂದು ಸಲ ಇದು ಕೆಟ್ಟರೆ ನಾನು ಯಾರ ಮಾತೂ ಕೇಳೋಳಲ್ಲ. ಇವಳನ್ನ ಗಂಡಸಿಗೆ ಅಟ್ಟೋದೇ. ಗಂಡನ ಮನೆ ಅಂದ್ರೇನು ಅಂತ ಅಪ್ಪನ ಮನೇಲಿ ಕೂತು ಯೋಚನೆ ಮಾಡ್ಲಿ. ಜನ್ಮಪೂರ್ತಿ ಯೋಚನೆ ಮಾಡ್ಲಿ."

ಸೊಸೆ ಒಳಗಿಂದ ಕೇಳಿಸಿಕೊಂಡಳು. ಯಜಮಾನರು ಪಂಚಾಂಗ ತಿರುವಿದರು. ಮಗ ಕಿಟಕಿಯಾಚೆ ನೋಡಿದ.

ಐಸು ಹೆಚ್ಚು ಕಟ್ಟುವುದಕ್ಕೆ ನಾಲ್ಕೈದು ಕಾರಣ ಇರಬಹುದು, ಒಂದೊಂದಾಗಿ ನೋಡುತ್ತ ಹೋದೆ. ಬಾಗಿಲ ಅಂಚಿನ ರಬ್ಬರ್ ಸಡಿಲವಾಗಿದ್ದರೆ ಹೊರಗಿನ ಗಾಳಿ ನುಗ್ಗುತ್ತದೆ. ಕಾಗದದ ಚೂರು ಸಿಕ್ಕಿಸಿ ಬಾಗಿಲು ಹಾಕಿಸಿ ಎಳೆಸಿದೆ. ನಾಲ್ಕೂ ಕಡೆ ಬಿಗಿಯಾಗಿ ಹಿಡಿದುಕೊಂಡಿತ್ತು. ಬಿಸಿ ಪಾತ್ರೆ ಇಡುತ್ತೀರಾ ಅಂದೆ, ಇಲ್ಲ ಅಂದರು. ಮುಚ್ಚಳವಿಲ್ಲದೆ ನೀರಿನ ಪದಾರ್ಥ ಇಡುತ್ತೀರಾ ಅಂದೆ. ಪೂಜೆಯ ಹೂವು, ತುಳಸಿ, ವೀಳ್ಯದೆಲೆ ಒದ್ದೆಯಾಗಿಯೇ ಇಡುತ್ತಾರೆ ಅಂತ ಗೊತ್ತಾಯಿತು. ಅದು ಸ್ವಲ್ಪ ಐಸಿಗೆ ಕಾರಣ, ಇಷ್ಟಕ್ಕಲ್ಲ. ಗುಂಡಿಯನ್ನು ತೀರ ಕೆಳಗಿನ ಗುರುತಿಗೆ ತಿರುಗಿಸಿ ಅಂದೆ. ಆಕೆ ತಿರುಗಿಸಿದಳು. ಮೋಟಾರು ಓಡುತ್ತಲೇ ಇತ್ತು. ನಾನು ಅಲ್ಲಿ ಒಂದೂವರೆ ಗಂಟೆ ನಿಂತೆ, ಒಂದು ಸಲವೂ ಅದು ನಿಲ್ಲಲಿಲ್ಲ.

ಅಷ್ಟು ಸಾಕಿತ್ತು. ತಣ್ಣಗಾಗಿದ್ದರೂ ಮೋಟಾರು ನಿಲ್ಲುತ್ತಿಲ್ಲ ಅಂದರೆ ಥರ್ಮೋಸ್ಟಾಟಿಗೆ ಚಳಿ ಮುಟ್ಟುತ್ತಿಲ್ಲ ಅಂತಲೇ ಅರ್ಥ. ಮೊದಲ ವರ್ಷದ ಕಲಿಕೆಯವನಿಗೂ ಅದು ಹೊಳೆಯುತ್ತದೆ. ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳು. ಹೊಳೆಯಲು ಬಿಡಲಿಲ್ಲ. ಥರ್ಮೋಸ್ಟಾಟ್ ಹೊಸದು, ನಾನೇ ಆರಿಸಿ ತಂದದ್ದು, ನಾನೇ ಹೇಳಿ ಕೂರಿಸಿದ್ದು. ಅಲ್ಲಿ ತಪ್ಪಿರಲು ಸಾಧ್ಯವೇ ಇಲ್ಲ ಅಂತ ಮನಸ್ಸು ಅದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ತಡಕಾಡಿತು. ಕೊನೆಗೆ ಕೇಳಿದೆ, "ಬಾಗಿಲು ಜಾಸ್ತಿ ತೆಗೀತೀರಾ?"

ಯಜಮಾನಿಗೆ ಬೇಕಾಗಿದ್ದದ್ದು ಅದೇ ಪ್ರಶ್ನೆ. "ಹೊತ್ತಿಲ್ಲ ಗೊತ್ತಿಲ್ಲ, ತೆಗೀತಾನೇ ಇರ್ತಾಳೆ. ಒಂದಿನ ಅದರೊಳಗೆ ಮುಖ ಇಟ್ಟು ನಿಂತಿದ್ಲು, ನಾನೇ ಕಣ್ಣಾರೆ ನೋಡಿದೀನಿ."

"ಬೇಸಿಗೆ ಅಂತ ಒಂದೇ ಒಂದು ಸಲ," ಅಂತ ಬಾಗಿಲ ಹಿಂದಿನಿಂದ ಸಣ್ಣ ದನಿ ಬಂತು.

"ಬಾಗಿಲು ಪದೇ ಪದೇ ತೆಗೆದ್ರೆ ಐಸು ಕಟ್ತೈತೆ ಅಮ್ಮಾ," ಅಂದೆ ನಾನು. ಪುಸ್ತಕದ ಪ್ರಕಾರ ಮಾತು ನಿಜ. ಆ ಮನೆಯಲ್ಲಿ ಅದನ್ನು ಆಡಿದ್ದು ಆಕೆಯ ಜುಟ್ಟನ್ನು ಹಿಡಿದು ಅತ್ತೆಯ ಕೈಗೆ ಕೊಟ್ಟ ಹಾಗಿತ್ತು. ಐಸನ್ನು ಚಾಕು, ಸೌಟಿನಿಂದ ಕೆರೆಯಬೇಡಿ, ತೂತು ಬಿದ್ದರೆ ಗ್ಯಾಸ್ ಹೋಗಿ ಪೆಟ್ಟಿಗೆ ಸತ್ತೇ ಹೋಗುತ್ತದೆ, ಮೋಟಾರು ನಿಲ್ಲಿಸಿ ಒಳಗೆ ಬಿಸಿನೀರಿನ ಪಾತ್ರೆ ಇಟ್ಟು ಕರಗಿಸಿ ಅಂತಲೂ ಹೇಳಿ ಹೊರಟೆ. ಎಲ್ಲ ಸರಿಯಾದ ಮಾತುಗಳೇ.

ಇನ್ನೂ ಮೂರು ವಾರ ಕಳೆದು ಮತ್ತೆ ಕರೆ ಬಂದಾಗ ಅಂಗಡಿಯ ಸಾಹುಕಾರರು ರೇಗಿದರು. "ಏನ್ಲಾ, ಒಂದು ಪೆಟ್ಟಿಗೆಗೆ ಎಷ್ಟು ಸಲ ಹೋಗ್ತೀಯಲಾ ನೀನು? ಈ ಸಲಾನೂ ಸರಿ ಮಾಡ್ದೆ ಬಂದ್ರೆ ಅಂಗಡಿ ಮೆಟ್ಲು ಹತ್ಬ್ಯಾಡ."

"ಸರಿ ಮಾಡ್ಕಂಡೇ ಬತ್ತೀನಿ," ಅಂದೆ. ನಾನು ಬರುವ ಬೆಳಿಗ್ಗೆ ಐಸು ಪೂರ್ತಿ ಕರಗಿಸಿಡಬೇಕು ಅಂತ ಬೇಲೂರಿಗೆ ಒಂದು ಕಾರ್ಡು ಬರೆದು ಹಾಕಿದೆ.

ಹೋದಾಗ ಐಸು ಕರಗಿತ್ತು. ಸೊಸೆಯ ಹತ್ತೂ ಬೆರಳಿಗೆ ಹಳೆ ಪಂಚೆಯ ಚೂರು ಸುತ್ತಿತ್ತು.

"ಕೈಯಲ್ಲೇ ಕರಗಿಸ್ತಾಳೆ, ದಿನಾ," ಅಂದರು ಯಜಮಾನಿ, ಮನೆಯಲ್ಲಿ ಒಂದು ಒಳ್ಳೇ ಪದ್ಧತಿ ನಡೆಸಿಕೊಂಡು ಬರುತ್ತಿರುವವರ ಧಾಟಿಯಲ್ಲಿ. "ಐಸು ಕಟ್ಟಿಸಿದೋಳು ಅವಳು, ಅದಕ್ಕೆ ನಾನ್ಯಾಕೆ ನೀರು ಕಾಯಿಸ್ಲಿ? ಬೆಳಿಗ್ಗೆ ಕೈ ಇಟ್ಕೊಂಡು ನಿಂತ್ರೆ ಹನ್ನೊಂದರೊಳಗೆ ಕರಗತ್ತೆ. ಬಾಗಿಲು ತೆಗೆಯೋ ಚಪಲ ಬಿಟ್ಟೋಗತ್ತೆ."

ಫ್ರಿಜ್ಜಿನ ಬಾಗಿಲಿಗೂ ಚೌಕಟ್ಟಿಗೂ ಸೇರಿಸಿ ಯಜಮಾನಿ ಕುಂಕುಮದ ಗೆರೆ ಎಳೆದಿದ್ದರು. ತಾವಿಲ್ಲದಾಗ ಬಾಗಿಲು ತೆಗೆದರೆ ಗೆರೆ ಮುರಿದು ಗೊತ್ತಾಗಲಿ ಅಂತ. ತಮ್ಮೆದುರಿಗೆ ತೆಗೆಸಿದಾಗಲೆಲ್ಲ ಗೆರೆಯನ್ನು ಮತ್ತೆ ಎಳೆಯುತ್ತಿದ್ದರು. ಮೂರು ವಾರದಲ್ಲಿ ಅವರ ಬೆನ್ನ ಹಿಂದೆ ಅದು ಒಮ್ಮೆಯೂ ಮುರಿದಿರಲಿಲ್ಲ, ಐಸು ಮಾತ್ರ ಮೊದಲಿನ ಹಾಗೇ ಕಟ್ಟಿತ್ತು. ಇದು ಆಕೆಯ ತಪ್ಪಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಯಜಮಾನಿಗೆ ಹಾಗನ್ನಿಸಲಿಲ್ಲ. ಗೆರೆ ಮುರಿಯದ ಹಾಗೆ ತೆಗೆಯುವುದನ್ನೂ ಕಲಿತಿದ್ದಾಳೆ ಅಂದರು.

ಒಳಗೆ ನೋಡದೆ ಇನ್ನು ನಡೆಯುವುದಿಲ್ಲ ಅಂದೆ. ಯಜಮಾನಿ ಹೊಸಿಲ ಕಡೆ ನೋಡಿದರು. ನಾನು ಒಳಗೆ ಬರುವುದಿಲ್ಲ, ಒಂದು ಕನ್ನಡಿ ಹಿಡಿದು ತೋರಿಸಿದರೆ ಸಾಕು ಅಂದೆ. ಮೊದಲ ದಿನವೇ ಇದು ಹೊಳೆಯಬಾರದಿತ್ತೇ ಅಂತ ಎಷ್ಟೋ ವರ್ಷ ಹಲ್ಲು ಕಚ್ಚಿಕೊಂಡಿದ್ದೇನೆ. ಮಗ ಗಡ್ಡ ಕೆರೆದುಕೊಳ್ಳುವ ಕನ್ನಡಿ ತಂದು ಫ್ರಿಜ್ಜಿನ ಬಾಗಿಲಾಚೆ ಹಿಡಿದು ನಿಂತ. ಸೊಸೆ ಟಾರ್ಚು ಬಿಟ್ಟಳು. ಕನ್ನಡಿಯನ್ನು ಇಷ್ಟಿಷ್ಟೇ ಓರೆ ಮಾಡಿಸುತ್ತ ಹೋದೆ. ಐಸ್ ಪೆಟ್ಟಿಗೆಯ ಪಕ್ಕ ಕಂಡಿತು. ಅದರ ಮೈಯಲ್ಲಿ ಸ್ಕ್ರೂ ಕೂರುವ ಎರಡು ತೂತು ಖಾಲಿ ಬಿದ್ದಿದ್ದವು. ಥರ್ಮೋಸ್ಟಾಟಿನ ಬಾಲ ಅಲ್ಲಿಂದ ಕಳಚಿ, ನಾಲ್ಕು ಬೆರಳು ದೂರದಲ್ಲಿ ಫ್ರಿಜ್ಜಿನ ಗೋಡೆಗೆ ಒರಗಿಕೊಂಡಿತ್ತು.

ಆ ತಗಡಿನ ಪಟ್ಟಿ ಹಳೆಯದರದ್ದಲ್ಲ. ಬಾಲವನ್ನು ಐಸ್ ಪೆಟ್ಟಿಗೆಗೆ ಒತ್ತಿ ಹಿಡಿಯುವ ಪಟ್ಟಿ ಅದು. ಬಿಸಾಕಿ ಅಂದವನು ನಾನು.

ಆರು ವಾರದ ಐಸು, ಒಡೆದ ಸೀಸೆ, ಕಪ್ಪಾದ ಬೆರಳು, ಬಟ್ಟೆ ಸುತ್ತಿದ ಹತ್ತು ಬೆರಳು, ಎಲ್ಲ ಒಟ್ಟಿಗೆ ನನ್ನ ಹೆಸರಿಗೆ ಬಂದು ನಿಂತವು. ಯಜಮಾನರು ಕುರ್ಚಿಯಿಂದಲೇ ಕೇಳಿದರು, "ಏನಾಗಿದೆಯಪ್ಪಾ?"

"ಬಾಲ ಜಾಗ ಬಿಟ್ಟು ಕಳಚ್ಕೊಂಡೈತೆ."

"ಅದನ್ನ ಕೂರಿಸಿದ್ದು ಯಾರು?" ಯಜಮಾನಿಯ ಪ್ರಶ್ನೆ.

ಕನ್ನಡಿಯಲ್ಲಿ ಸೊಸೆಯ ಮುಖದ ಅರ್ಧ ಕಾಣುತ್ತಿತ್ತು. ಆಕೆ ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆಯುವುದನ್ನು ಕಾದು, ತೆರೆಯದ್ದನ್ನು ನೋಡಿ, ತಾನೇ ಹೇಳಿದಳು. "ಪಟ್ಟಿ ಇದೆ ಅಂತ ನಾನು ಅವತ್ತೇ ಕೇಳಿದ್ದೆ. ಬಿಸಾಕಿ ಅಂತ ಇವರೇ ಹೇಳಿದ್ರು."

"ಹೌದೇನಪ್ಪಾ?" ಯಜಮಾನಿ ನನ್ನ ಕಡೆ ತಿರುಗಿದರು.

ಸಾಹುಕಾರರು ಹೇಳಿದ್ದು ತಲೆಯಲ್ಲಿತ್ತು. ಯಜಮಾನರ ಕಾಲು ಎದುರಿಗಿತ್ತು. ಹೂಂ ಅಂದರೆ ಆ ಕಾಲಿಗೆ ಜವಾಬ್ದಾರಿ ನಾನು. ಆಮೇಲೆ ಈ ಸೀಮೆಯಲ್ಲಿ ಯಾರೂ ನನ್ನನ್ನು ಫ್ರಿಜ್ ಮುಟ್ಟಲು ಬಿಡುತ್ತಿರಲಿಲ್ಲ.

"ನಾನು ಹಂಗಂದಿದ್ದು ನೆಪ್ಪಿಲ್ಲ ಅಮ್ಮಾ," ಅಂದೆ.

ಯಜಮಾನಿ ಅಡುಗೆಮನೆಗೆ ಹೋದರು. ಕೆನ್ನೆಗೆ ಹೊಡೆದ ಸದ್ದು ಕೇಳಿತು. ಕನ್ನಡಿ ಅಲ್ಲಾಡಿತು, ಮಗ ಮತ್ತೆ ಅದನ್ನು ನೇರ ಮಾಡಿ ಹಿಡಿದ. ಅವನು ಮಾಡಿದ್ದು ಅಷ್ಟೇ.

ಕೆಲಸ ಮುಂದುವರಿಯಿತು. ಎಣ್ಣೆ ಡಬ್ಬದ ತಗಡು ಕತ್ತರಿಸಿ, ಅಂಚು ಉಜ್ಜಿ, ಬಾಲದ ದಪ್ಪಕ್ಕೆ ಸರಿಯಾಗಿ ಬಗ್ಗಿಸಿ, ಎರಡು ತೂತು ಹೊಡೆದು ಹೊಸ ಪಟ್ಟಿ ಮಾಡಿದೆ. ಚೀಲದಲ್ಲಿದ್ದ ಎರಡು ಸ್ಕ್ರೂ ಸಮೇತ ಹೊಸಿಲ ಮೇಲೆ ಇಟ್ಟೆ. ಆಕೆ ಎತ್ತಿಕೊಂಡಳು. ಬಟ್ಟೆ ಬಿಚ್ಚದೆ ಸ್ಕ್ರೂ ಹಿಡಿಯಲು ಆಗುವುದಿಲ್ಲ ಅಂತ ಬಿಚ್ಚಿದಳು. ಕನ್ನಡಿಯಲ್ಲಿ ನೋಡಿದೆ. ಬೆರಳ ತುದಿಗಳು ಬೆಳ್ಳಗೆ ಸತ್ತ ಹಾಗಿದ್ದವು, ಎರಡು ಕಡೆ ಚರ್ಮ ಸುಲಿದು ಬಂದಿತ್ತು. ಮೊದಲ ದಿನ ಅಷ್ಟು ಚುರುಕಾಗಿದ್ದ ಕೈಗೆ ಈಗ ಸ್ಕ್ರೂ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಜಾರಿ ಬಿತ್ತು. ಹುಡುಕಿ ಎತ್ತಿದಳು, ಮತ್ತೆ ಬಿತ್ತು. ಎಂಟೋ ಹತ್ತೋ ಸಲ ಬಿತ್ತು. ಪ್ರತಿ ಸಲವೂ ಯಜಮಾನಿ ಒಂದೊಂದು ಮಾತು ಅಂದರು. ನಾನು "ಇನ್ನೊಂಚೂರು ಬಲಕ್ಕೆ, ಈಗ ತಿರುಗಿಸಿ" ಅನ್ನುತ್ತ ನಿಂತಿದ್ದೆ.

ಒಂದು ಲೋಟ ನೀರಲ್ಲಿ ಥರ್ಮಾಮೀಟರ್ ಅದ್ದಿ ಒಳಗಿಡಿಸಿ ಕಾದೆ. ಪಾದರಸ ಇಳಿಯುತ್ತ ಬಂತು. ಸಂಜೆಯ ಹೊತ್ತಿಗೆ ಒಳಗೆ ಟಕ್ ಎಂದು ಸದ್ದಾಗಿ ಮೋಟಾರು ತಾನಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್ ಎಂದು ಓಡಿತು. ಆ ಗಳಿಗೆಯಲ್ಲೂ ನನಗೆ ಖುಷಿಯಾಯಿತು, ಮುಚ್ಚಿಡುವುದಿಲ್ಲ. ಕೆಲಸ ಕೈಗೆ ಹತ್ತಿದಾಗ ಆಗುವ ಖುಷಿ ಅದು, ಮನುಷ್ಯ ಎಷ್ಟು ನೀಚನಾಗಿದ್ದರೂ ಆಗುತ್ತದೆ.

ಹದಿನೈದು ದಿನಕ್ಕೆ ಮಗನಿಂದ ಒಂದು ಕಾರ್ಡು. ಪೆಟ್ಟಿಗೆ ಉತ್ತಮವಾಗಿ ನಡೆಯುತ್ತಿದೆ. ತಂದೆಯವರ ಕಾಲಿನ ಹೆಬ್ಬೆರಳು ಹಾಸನದಲ್ಲಿ ತೆಗೆಸಬೇಕಾಯಿತು. ಮನೆಯವಳನ್ನು ಗಂಡಸಿಗೆ ಕಳಿಸಿದ್ದೇವೆ. ತಮ್ಮ ಶ್ರಮಕ್ಕೆ ವಂದನೆಗಳು. ಕೈಬರಹ ದುಂಡಾಗಿತ್ತು, ಕಚೇರಿ ಕಾಗದದ ಹಾಗೆ ಸಾಲಿಗೆ ಸಾಲು ನೇರ.

ಮೂರು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ಬೇರೆ ಮನೆಗಳಲ್ಲಿ ಕೆಲಸ ಮಾಡುವಾಗ ಸ್ಕ್ರೂ ಕೈಯಿಂದ ಜಾರಿದರೆ ಸಾಕು, ಆ ಬೆಳ್ಳನೆಯ ಬೆರಳು ಕಣ್ಣೆದುರು ಬರುತ್ತಿದ್ದವು. ಮಲಗಿದರೆ ನಿದ್ದೆಯಿಲ್ಲ, ಉಂಡರೆ ಒಗ್ಗುತ್ತಿರಲಿಲ್ಲ. ಗಂಡ ಬಿಟ್ಟವಳು ಅನ್ನಿಸಿಕೊಂಡು ಒಂದು ಹೆಣ್ಣು ತವರಲ್ಲಿ ಕಣ್ಣೀರು ಹಾಕುತ್ತ ಕೂತಿದೆ, ಕಾರಣ ನಾನು. ನನ್ನ ತಲೆಯಲ್ಲಿದ್ದ ಚಿತ್ರ ಅದು. ಸರಿಮಾಡುವ ದಾರಿ ಒಂದೇ ಅಂತ ನಿರ್ಧಾರ ಮಾಡಿ ಒಂದು ಭಾನುವಾರ ಗಂಡಸಿಗೆ ಹೋದೆ.

ಮೇಷ್ಟ್ರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯ ಮೇಲೆ ಆಕೆ ಕೂತು, ಮಡಿಲಲ್ಲಿ ತಂದೆಯ ಶಾಲೆಯ ಮಕ್ಕಳ ಪರೀಕ್ಷೆ ಕಾಗದ ಇಟ್ಟುಕೊಂಡು ಕೆಂಪು ಪೆನ್ಸಿಲಿನಿಂದ ತಿದ್ದುತ್ತಿದ್ದಳು. ಮೈ ತುಂಬಿಕೊಂಡಿತ್ತು. ಬೆರಳುಗಳಿಗೆ ಹೊಸ ಚರ್ಮ ಬಂದು ನಸುಗೆಂಪಾಗಿದ್ದವು. ನನ್ನನ್ನು ನೋಡಿದ ಕೂಡಲೇ ಎದ್ದು ಒಳಗೆ ಹೋದಳು. ನನ್ನ ಕಣ್ಣಿಗೆ ಬಿದ್ದದ್ದು ಇಷ್ಟು. ಅದನ್ನು ನೋಡಿಯೂ ನನ್ನ ತಲೆಯ ಚಿತ್ರವನ್ನು ನಾನು ಬದಲಾಯಿಸಿಕೊಳ್ಳಲಿಲ್ಲ.

ಮೇಷ್ಟ್ರಿಗೆ ಎಲ್ಲ ಹೇಳಿದೆ. ಪಟ್ಟಿ ಬಿಸಾಕಿಸಿದ್ದು, ನೆನಪಿಲ್ಲ ಅಂದದ್ದು. ಆತ ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಅಂತ ಮೈ ಗಟ್ಟಿ ಮಾಡಿಕೊಂಡಿದ್ದೆ. ಆತ ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. "ದೇವರು ಕಳಿಸಿದ ಹಾಗೆ ಬಂದ್ರಿ. ಇನ್ನೊಬ್ಬ ಮಗಳಿದಾಳೆ ನನಗೆ. ಅಕ್ಕ ಯಾಕೆ ಮನೇಲಿದಾಳೆ ಅಂತ ಕೇಳಿದೋರಿಗೆ ಉತ್ತರ ಹೇಳೋಕಾಗ್ದೆ ಬಂದ ಸಂಬಂಧ ಎರಡೂ ತಪ್ಪಿಹೋಯ್ತು. ನಡೀರಿ, ಈಗಲೇ ಬೇಲೂರಿಗೆ ಹೋಗಿ ಬಂದುಬಿಡೋಣ. ನೀವು ಒಂದು ಮಾತು ಅಲ್ಲಿ ಹೇಳಿದ್ರೆ ಸಾಕು."

ಅಂಗಿ ಬದಲಾಯಿಸಲು ಅವರು ಒಳಗೆ ಹೋದರು. ಆಕೆ ಹೊರಗೆ ಬಂದು ಕಂಬದ ಪಕ್ಕ ನಿಂತಳು.

"ನನ್ನ ತಪ್ಪಿಲ್ಲ ಅಂತ ಅಪ್ಪನಿಗೆ ಗೊತ್ತಾಯ್ತು. ಅಷ್ಟು ಸಾಕು. ಬೇಲೂರಿಗೆ ಹೋಗ್ಬೇಡಿ," ಅಂದಳು.

"ನಿಮ್ಮ ಮನೆ ನಿಮಗೆ ವಾಪಸ್ ಸಿಗ್ಬೇಕಲ್ಲ ತಾಯಿ."

"ಈ ಮೂರು ತಿಂಗಳು ಹೊಟ್ಟೆ ತುಂಬ ಊಟ ಮಾಡಿದೀನಿ. ಯಾರೂ ಹೊಡೆದಿಲ್ಲ. ಈ ದಸರಾ ಕಳೆದ ಮೇಲೆ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕೋಣ ಅಂತ ಅಪ್ಪನ ಹತ್ರ ಅರ್ಧ 'ಹೂಂ' ಅನ್ಸಿದೀನಿ. ನೀವು ಹೋಗಿ ಹೇಳಿದ್ರೆ ಅವರಿಗೆ ನನ್ನ ಬೇಡ ಅನ್ನೋಕೆ ಕಾರಣ ಇರಲ್ಲ. ಅಪ್ಪ ಕಳಿಸೇಬಿಡ್ತಾರೆ." ಸ್ವಲ್ಪ ತಡೆದು, ನನ್ನ ಮುಖ ನೋಡಿ ಹೇಳಿದಳು, "ಅವತ್ತು ನಿಜ ಹೇಳಿ ಅಂತ ನೋಡ್ತಾ ನಿಂತಿದ್ದೆ, ಹೇಳ್ಲಿಲ್ಲ. ಇವತ್ತು ಹೇಳ್ಬೇಡಿ ಅಂತ ಕೇಳ್ತಿದೀನಿ."

ಮೇಷ್ಟ್ರು ಛತ್ರಿ ಹಿಡಿದು ಬಂದರು. ಆಕೆ ಅಲ್ಲೇ ನಿಂತಿದ್ದಳು.

ಆಗ ನಾನೊಂದು ನೆಪ ಹೇಳಬಹುದಿತ್ತು. ಮೈ ಸರಿಯಿಲ್ಲ ಅನ್ನಬಹುದಿತ್ತು, ಮುಂದಿನ ವಾರ ಬರುತ್ತೇನೆ ಅಂತ ಹೇಳಿ ಬಾರದೆ ಇರಬಹುದಿತ್ತು. ಸುಳ್ಳು ನನಗೆ ಹೊಸದಾಗಿರಲಿಲ್ಲ. ಆದರೆ ಮೂರು ತಿಂಗಳಿಂದ ಹೊತ್ತದ್ದನ್ನು ಇಳಿಸಬೇಕೆಂಬ ಆಸೆ ಎಷ್ಟು ಬಲವಾಗಿತ್ತೆಂದರೆ ಆಕೆಯ ಮಾತು ಕಿವಿಗೆ ಬಿದ್ದರೂ ಒಳಕ್ಕೆ ಇಳಿಯಲಿಲ್ಲ. ಮನಸ್ಸು ಮುರಿದ ಹೆಣ್ಣು ಹಾಗೆಲ್ಲ ಅನ್ನುತ್ತದೆ, ಒಂದು ದಿನ ಗಂಡನ ಮನೆಯಲ್ಲಿ ಕೂತು ನನ್ನನ್ನು ನೆನೆಯುತ್ತಾಳೆ ಅಂತ ನನಗೆ ನಾನೇ ಹೇಳಿಕೊಂಡೆ. ಮೇಷ್ಟ್ರ ಹಿಂದೆ ನಡೆದುಬಿಟ್ಟೆ.

ಹಾಸನದಲ್ಲಿ ಬಸ್ಸು ಬದಲಾಯಿಸಿ, ಹಗರೆ ದಾಟಿ, ಊಟದ ಹೊತ್ತು ಮೀರಿ ಬೇಲೂರು ಸೇರಿದೆವು. ನಡುಮನೆಯಲ್ಲಿ ನಿಂತು ಒಪ್ಪಿಸಿದೆ. ಪಟ್ಟಿ ಬಿಸಾಕಿ ಅಂದವನು ನಾನು, ನಿಮ್ಮ ಸೊಸೆ ಹೇಳಿದ್ದೇ ನಿಜ, ನಿಮ್ಮ ಕಾಲಿಗೂ ಕಾರಣ ನಾನೇ ಅಂದೆ. ಯಜಮಾನರು ಬೆರಳಿಲ್ಲದ ಕಾಲನ್ನು ನೋಡಿಕೊಂಡರು. ಆಮೇಲೆ ನಿಧಾನವಾಗಿ, "ಈ ಕಾಲದಲ್ಲಿ ಹೀಗೆ ಮನೆಗೇ ಬಂದು ಒಪ್ಪಿಕೊಳ್ಳೋರು ಎಲ್ಲಿದಾರಪ್ಪಾ? ದೊಡ್ಡ ಮನಸ್ಸು ನಿನ್ನದು," ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಯಜಮಾನಿ ಮೇಷ್ಟ್ರ ಕಡೆ ತಿರುಗಿದರು. "ಅವಳದೇನೂ ತಪ್ಪಿಲ್ಲ ಅಂದ್ಮೇಲೆ ನಮ್ಮ ತಕರಾರೇನೂ ಇಲ್ಲ. ನಾಳೇನೇ ಕರ್ಕೊಂಡು ಬಂದುಬಿಡಿ. ಪಾತ್ರೆ ತೊಳೆಯೋಳು ಬಿಟ್ಟು ಹದಿನೈದು ದಿನ ಆಯ್ತು, ನನ್ನ ಸೊಂಟ ಬಿದ್ದುಹೋಗಿದೆ."

ಮೇಷ್ಟ್ರು ಕೈ ಮುಗಿದರು. ಮಾರನೆಯ ದಿನ ಅಲ್ಲ, ಬುಧವಾರ ಒಳ್ಳೆಯ ದಿನ ಅಂತ ಅವತ್ತು ಕಳಿಸಿದರು.

ಸುದ್ದಿ ಬೇಲೂರಿನಿಂದ ಹಳೇಬೀಡು, ಜಾವಗಲ್ ದಾಟಿ ಅರಸೀಕೆರೆಗೂ ಬಂತು. ತಪ್ಪು ಮಾಡಿದರೆ ಒಪ್ಪಿಕೊಳ್ಳುವ ಮೆಕ್ಯಾನಿಕ್ಕು, ಒಂದು ಸಂಸಾರ ಉಳಿಸಿದವನು ಅಂತ ಹೆಸರಾಯಿತು. ಕೆಲಸ ಹೋಗುತ್ತದೆ ಅಂತ ಹೆದರಿದ್ದವನಿಗೆ ಕೆಲಸ ಹೆಚ್ಚಾಯಿತು. ಸಾಹುಕಾರರು ಗಿರಾಕಿಗಳೆದುರು ನನ್ನ ಬೆನ್ನು ತಟ್ಟುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ಬಾಗಿಲ ರಬ್ಬರ್ ಬದಲಾಯಿಸಲು ಅದೇ ಮನೆಗೆ ಹೋಗಬೇಕಾಯಿತು. ನಾನು ಈಚೆ, ಆಕೆ ಆಚೆ. ಹೇಳಿದ್ದನ್ನೆಲ್ಲ ಮಾಡಿದಳು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತೆಳ್ಳಗಾಗಿದ್ದಳು. ಕೆಲಸ ಮುಗಿದು ನಾನು ಚೀಲ ಕಟ್ಟುವಾಗ ಯಜಮಾನಿ ಆಕೆಯನ್ನು ಹೊಸಿಲ ಹತ್ತಿರ ಕರೆದರು.

"ನೋಡೇ, ಇವರಿಂದಲೇ ಕಣೇ ನೀನು ಈ ಮನೆಗೆ ವಾಪಸ್ ಬಂದಿದ್ದು. ಕೈ ಮುಗಿ," ಅಂದರು.

ಆಕೆ ಮುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಪಕ್ಕದ ಮನೆಯವರಿಗೋ ಬೀದಿಯಲ್ಲಿ ಹೋಗುವವರಿಗೋ ಮುಗಿದ ಹಾಗೆ ಮುಗಿದು ನಿಂತಳು. ನಾನು ಏನಾದರೂ ಹೇಳಬೇಕಾಗಿತ್ತು.

"ಚೆನ್ನಾಗಿರಿ ತಾಯಿ," ಅಂದೆ. ಅದಕ್ಕಿಂತ ನಾಚಿಕೆಗೆಟ್ಟ ಮಾತನ್ನು ನಾನು ಇವತ್ತಿನವರೆಗೂ ಆಡಿಲ್ಲ.